ಮಂಡಿ ಎಂಆರ್‌ಐನಲ್ಲಿ ಕಾರ್ಟಿಲೇಜ್ ಸರಿಯಾಗಿ ಕಾಣ್ಲಿಲ್ಲ, 3 ಟೆಸ್ಲಾ ಮಷೀನಲ್ಲಿ ಮತ್ತೆ ಮಾಡಿಸ್ಬೇಕಾ?

ವಿರಾಜಪೇಟೆಯಿಂದ ಅಮ್ಮನ್ನ ಮೈಸೂರಿಗೆ ಕರ್ಕೊಂಡು ಹೋಗಿ 1.5 ಟೆಸ್ಲಾದಲ್ಲಿ (ಟೆಸ್ಲಾ ಅಂದ್ರೆ ಮಷೀನಿನ ಅಯಸ್ಕಾಂತದ ಶಕ್ತಿಯ ಅಳತೆ) ಸ್ಕ್ಯಾನ್ ಮಾಡಿಸಿದ್ದೀರಿ, ಕಾಲು ಅಲುಗಾಡಿದ್ರಿಂದ ಕಾರ್ಟಿಲೇಜ್ (ಕೀಲಲ್ಲಿ ಮೂಳೆ ತುದಿಯ ಮೇಲಿರೋ ನುಣುಪಾದ ಹೊದಿಕೆ) ಸ್ಪಷ್ಟ ಇಲ್ಲ ಅಂತ ರಿಪೋರ್ಟಲ್ಲಿ ಬಂದಿದೆ, ಈಗ ಜಾಸ್ತಿ ದುಡ್ಡು ಕೊಟ್ಟು 3 ಟೆಸ್ಲಾಗೆ ಹೋಗ್ಬೇಕಾ ಅಂತ ಕೇಳಿದ್ದೀರಿ. ನಾನು ಸೋಮವಾರಪೇಟೆ ಕಡೆಯವನು, ಒಂಬತ್ತು ವರ್ಷದಿಂದ ಎಂಆರ್‌ಐ ಟೆಕ್ನಿಷಿಯನ್, ಅದ್ರಲ್ಲಿ ಎರಡು ವರ್ಷ ಕಾರ್ಟಿಲೇಜ್ ರಿಸರ್ಚ್‌ಗೂ ಸ್ಕ್ಯಾನ್ ಮಾಡಿಕೊಟ್ಟಿದ್ದೀನಿ. ಟೆಸ್ಲಾ ವಿಷ್ಯ ಆಮೇಲೆ, ಮೊದ್ಲು ಅಮ್ಮನ ಕಾಲು ಅಲುಗಾಡದೇ ಇರೋ ದಾರಿ ನೋಡಿ.

ಯಾಕಂದ್ರೆ ಮಂಡಿ ಕಾರ್ಟಿಲೇಜ್ ಹೆಚ್ಚಿನ ಕಡೆ 2ರಿಂದ 4 ಮಿಲಿಮೀಟರ್ ದಪ್ಪ ಅಷ್ಟೇ, ಮಾಮೂಲಿ ಸ್ಕ್ಯಾನಲ್ಲಿ ಒಂದು ಸ್ಲೈಸೇ, ಅಂದ್ರೆ ಒಂದೊಂದು ಚಿತ್ರಕ್ಕೆ ತೆಗೆಯೋ ಪದರವೇ, ಸುಮಾರು 3 ಮಿಲಿಮೀಟರ್ ಇರತ್ತೆ. ನಮ್ಮ ಕೊಡಗಿನ ಕಿತ್ತಳೆ ತಗೊಂಡು ಸರಿ ಮಧ್ಯಕ್ಕೆ ಕುಯ್ದು ನೋಡಿ, ಸಿಪ್ಪೆ ಎಷ್ಟು ದಪ್ಪ ಅಂತ ಗೆರೆ ಎಳೆದ ಹಾಗೆ ಕಾಣತ್ತೆ, ಅದನ್ನೇ ಅಂಚಿನ ಹತ್ರ ಕುಯ್ದ್ರೆ ಸಿಪ್ಪೆ ಓರೆಯಾಗಿ ಸಿಕ್ಕಿ ಇರೋದಕ್ಕಿಂತ ದಪ್ಪ ಕಾಣತ್ತೆ, ಸಿಪ್ಪೆ ಎಲ್ಲಿ ಮುಗೀತು ತೊಳೆ ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ತೊಡೆ ಮೂಳೆಯ ತುದಿನೂ ಹಾಗೇ ಗುಂಡಗಿದೆ, ಅಂಚಲ್ಲಿ ಮೂಳೆ, ಕಾರ್ಟಿಲೇಜ್, ಕೀಲಿನ ನೀರು ಮೂರೂ ಚಿತ್ರದ ಒಂದೇ ಚುಕ್ಕೆಯಲ್ಲಿ ಬೆರೆತು ಬೂದು ಬೂದಾಗಿ ಬರತ್ತೆ. ಅದಕ್ಕೇ ರಿಸರ್ಚಲ್ಲಿ ಸ್ಲೈಸ್ ತೆಳು ಮಾಡ್ತಾರೆ. ಅಮೆರಿಕದಲ್ಲಿ 2004ರಲ್ಲಿ 4,796 ಜನರನ್ನ ಸೇರಿಸ್ಕೊಳ್ಳಕ್ಕೆ ಶುರು ಮಾಡಿದ ಮಂಡಿ ಸವೆತದ ಸ್ಟಡಿ ಆಸ್ಟಿಯೋಆರ್ಥ್ರೈಟಿಸ್ ಇನಿಷಿಯೇಟಿವ್‌ನಲ್ಲಿ 3 ಟೆಸ್ಲಾ ಮಷೀನಲ್ಲಿ 0.7 ಮಿಲಿಮೀಟರ್ ಸ್ಲೈಸ್ ತೆಗೆದ್ರು.

ಹಾಗಂತ ಎಲ್ಲರಿಗೂ ತೆಳು ಸ್ಲೈಸ್ ತೆಗೀರಿ ಅಂದ್ರೆ ಆಗಲ್ಲ. ಚುಕ್ಕೆಯ ಉದ್ದ, ಅಗಲ, ದಪ್ಪ ಮೂರನ್ನೂ ಅರ್ಧ ಮಾಡಿದ್ರೆ ಸಿಗ್ನಲ್ ಎಂಟನೇ ಒಂದು ಪಾಲಿಗೆ ಇಳಿಯತ್ತೆ, ಅದನ್ನ ಮತ್ತೆ ಮತ್ತೆ ತೆಗೆದು ಸರಾಸರಿ ಮಾಡಿ ತುಂಬಿಸ್ಕೊಳ್ಳೋಣ ಅಂದ್ರೆ, ಚಿತ್ರ 2 ಪಟ್ಟು ಕ್ಲಿಯರ್ ಆಗಕ್ಕೆ 4 ಪಟ್ಟು ಟೈಮ್ ಬೇಕು, 8 ಪಟ್ಟಿಗೆ 64 ಪಟ್ಟು. ನೋವಿರೋ ಕಾಲು ಅಷ್ಟು ಹೊತ್ತು ಸುಮ್ನಿರಲ್ಲ. ಮಡಿಕೇರಿ ದಸರಾ ರಾತ್ರಿ ಮಂಟಪದ ಫೋಟೋ ತೆಗ್ದಿದ್ರೆ ಗೊತ್ತಿರತ್ತೆ, ಬೇಗ ಕ್ಲಿಕ್ಕಿಸಿದ್ರೆ ಕಾಳು ಕಾಳು, ನಿಧಾನಕ್ಕೆ ತೆಗೆದ್ರೆ ಕೈ ನಡುಗಿ ಮಸುಕು.

ನಾನೇ ಶುರುವಲ್ಲಿ ಒಂದ್ಸಲ ತಪ್ಪು ಮಾಡಿದ್ದೀನಿ. ಮಳೆಗಾಲದಲ್ಲಿ ನಮ್ಮೂರ ಕಡೆಯಿಂದ ಬಸ್ಸಲ್ಲಿ ಬಂದ ತೋಟದ ಕೆಲಸದ ಅಜ್ಜ ಒಬ್ರು, ಮಧ್ಯದಲ್ಲಿ ಕಾಲು ಎಳ್ಕೊಂಡ್ರು, ಚಿತ್ರ ಮಸುಕಾಗಿದ್ದು ಕಂಡ್ರೂ ಹೊರಗೆ ಕ್ಯೂ ಇದೆ ಅಂತ ಹಾಗೇ ಕಳಿಸ್ಬಿಟ್ಟೆ. ಹದಿನೈದು ದಿನಕ್ಕೆ ಅವರು ಅಷ್ಟು ದೂರ ಮತ್ತೆ ಬಂದ್ರು, ಅವತ್ತಿನ ಕೂಲಿನೂ ಹೋಯ್ತು. ಕೆಟ್ಟಿದ್ದ ಆ ಒಂದು ಸೀಕ್ವೆನ್ಸ್ (ಸ್ಕ್ಯಾನಲ್ಲಿ ಒಂದು ಸುತ್ತಿಗೆ ತೆಗೆಯೋ ಚಿತ್ರಗಳು) ಮಾತ್ರ ಅವತ್ತೇ ಮತ್ತೆ ತೆಗೆದಿದ್ರೆ ನಾಲ್ಕು ನಿಮಿಷದ ಕೆಲಸ ಆಗಿತ್ತು, ಈಗ್ಲೂ ಬೇಜಾರಾಗತ್ತೆ.

3 ಟೆಸ್ಲಾದಲ್ಲಿ ಸಿಗ್ನಲ್ ಲೆಕ್ಕಕ್ಕೆ ಎರಡು ಪಟ್ಟು, ನಿಜವಾಗಿ ಸ್ವಲ್ಪ ಕಮ್ಮಿ ಸಿಗತ್ತೆ, ಅದನ್ನ ತೆಳು ಸ್ಲೈಸ್‌ಗೋ ಬೇಗ ಮುಗಿಸಕ್ಕೋ ಬಳಸಿದ್ರೆ ಲಾಭ ಇದೆ. ಆದ್ರೆ ಕಾಲು ಅಲುಗಾಡಿದ್ರೆ 3ರಲ್ಲೂ ಮಸುಕೇ. ಅಮ್ಮನ ಕಾಲಲ್ಲಿ ಹಳೇ ರಾಡು, ಸ್ಕ್ರೂ ಇದ್ರೆ ಮೊದ್ಲೇ ಹೇಳಿ, ಮೊದಲ ವಿಷ್ಯ ಸೇಫ್ಟಿ, ಅದೂ ಅಲ್ದೆ ಲೋಹದ ಸುತ್ತ ಚಿತ್ರ ಕೆಡೋದು 3ರಲ್ಲೇ ಜಾಸ್ತಿ.

ಅದಕ್ಕೂ ಮುಂಚೆ ಮೂಳೆ ಡಾಕ್ಟರ ಹತ್ರ ಒಂದು ಮಾತು ಕೇಳಿ, ಹೊಸ ಸ್ಕ್ಯಾನ್‌ನಿಂದ ಟ್ರೀಟ್‌ಮೆಂಟ್ ಬದಲಾಗತ್ತಾ ಅಂತ. ಸವೆತ ಜಾಸ್ತಿ ಆಗಿದ್ರೆ ನಿಂತ್ಕೊಂಡು ತೆಗೆಸಿದ ಎಕ್ಸ್‌ರೇಯಲ್ಲೇ ಮೂಳೆಗಳ ಮಧ್ಯದ ಜಾಗ ಕಮ್ಮಿ ಆಗಿರೋದು ಕಾಣತ್ತೆ, ಎಷ್ಟೋ ಜನಕ್ಕೆ ಅಷ್ಟೇ ಸಾಕಾಗತ್ತೆ. ಬೇಕೇ ಬೇಕು ಅಂದ್ರೆ ಸೆಂಟರ್‌ಗೆ ಫೋನ್ ಮಾಡಿ ಮಂಡಿಗೇ ಅಂತ ಇರೋ ಕಾಯಿಲ್ (ಮಂಡಿ ಸುತ್ತ ಇಟ್ಟು ಸಿಗ್ನಲ್ ಹಿಡಿಯೋ ಸಾಧನ) ಇದ್ಯಾ ಕೇಳಿ, ಮಂಡಿ ಕೆಳಗೆ ದಿಂಬು ಕೊಟ್ಟು ಸುತ್ತ ಸ್ಪಾಂಜ್ ತುಂಬಿಸಕ್ಕೆ ಹೇಳಿ, ನೋವಿನ ಮಾತ್ರೆ ಯಾವಾಗ ತಗೋಬೇಕು ಅಂತ ಡಾಕ್ಟರನ್ನೇ ಕೇಳ್ಕೊಳ್ಳಿ. ಬಸ್ ಇಳಿದ ತಕ್ಷಣ ಮಲಗಿಸ್ಬೇಡಿ, ಅರ್ಧ ಗಂಟೆ ಕೂತಿರ್ಲಿ, ಬಾತ್‌ರೂಮಿಗೆ ಹೋಗಿ ಬರ್ಲಿ. ಹಳೇ ಸ್ಕ್ಯಾನಿನ ಸಿಡಿನೂ ತಗೊಂಡೋಗಿ, ಯಾವ ಸೀಕ್ವೆನ್ಸ್ ಕೆಟ್ಟಿದೆ ಅಂತ ಟೆಕ್ನಿಷಿಯನ್‌ಗೆ ನೋಡಿದ ತಕ್ಷಣ ಗೊತ್ತಾಗತ್ತೆ.