ಓದುಗರ ಪ್ರಶ್ನೆ: ಮಳೆಗಾಲದಲ್ಲಿ ಕುದುರೆಮುಖ

ಪ್ರಶ್ನೆ: ಆಗಸ್ಟ್‌ನಲ್ಲಿ ಕುದುರೆಮುಖ ಶಿಖರ ಹತ್ತುವ ಯೋಚನೆ ಇದೆ. ಮೇಲೆ ಟೆಂಟ್ ಹಾಕಬಹುದೇ? ಇಂಬಳದ (ಜಿಗಣೆಯ) ಕಾಟಕ್ಕೆ ಏನು ಉಪಾಯ?
– ಓದುಗರು, ದಾವಣಗೆರೆ

ಉತ್ತರ: ಟೆಂಟ್ ಆಸೆ ಬಿಡಿ. ರಾಷ್ಟ್ರೀಯ ಉದ್ಯಾನದ ಒಳಗೆ ರಾತ್ರಿ ತಂಗುವಂತಿಲ್ಲ. ಚಾರಣ ಶುರುವಾಗುವ ಮುಳ್ಳೋಡಿಯಿಂದ ಹೋಗಿಬರಲು ಸುಮಾರು 20 ಕಿ.ಮೀ. ಇರುವುದರಿಂದ ಬೆಳಗ್ಗೆ 7ರೊಳಗೆ ಹೊರಡಲೇಬೇಕು. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ಪಡೆಯಿರಿ. ವಾರಾಂತ್ಯದಲ್ಲಿ ಸಿಗುವುದು ಕಷ್ಟ.

ಇನ್ನು ಇಂಬಳ. ಕಾಲಿಗೆ ಉಪ್ಪು ಸವರಿಕೊಂಡರೆ ಮೊದಲ ಮಳೆಗೇ ತೊಳೆದುಹೋಗುತ್ತದೆ. ಮಾಮೂಲಿ ಸಾಕ್ಸ್‌ನ ಹೆಣಿಗೆಯಲ್ಲೂ ಅದು ನುಸುಳುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲವರೆಗಿನ ಇಂಬಳದ ಸಾಕ್ಸ್ ಹಾಕಿ, ಪ್ಯಾಂಟನ್ನು ಅದರೊಳಗೆ ತೂರಿಸಿ. ಕಚ್ಚಿದ್ದರೆ ಹಿಡಿದು ಎಳೆಯಬೇಡಿ, ಬೆಂಕಿಕಡ್ಡಿಯನ್ನಂತೂ ತಾಗಿಸಲೇಬೇಡಿ. ಕುಡಿದದ್ದನ್ನು ಗಾಯಕ್ಕೇ ಕಕ್ಕಿ ನಂಜಾಗಬಹುದು. ಸಣ್ಣಗಿರುವ ಬಾಯಿಯ ತುದಿಯನ್ನು ಉಗುರಿನಿಂದ ಪಕ್ಕಕ್ಕೆ ಜಾರಿಸಿ, ಆಮೇಲೆ ಇನ್ನೊಂದು ತುದಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಸ್ವಲ್ಪ ಹೊತ್ತು ಒಸರುತ್ತದೆ. ಗಾಬರಿ ಬೇಡ, ಹತ್ತಿ ಒತ್ತಿ ಹಿಡಿಯಿರಿ.

ನಿಜವಾದ ಅಪಾಯ ಹಳ್ಳಗಳದ್ದು. ಬೆಳಗ್ಗೆ ಪಾದ ನೆನೆಸಿದ ನೀರು ಮಧ್ಯಾಹ್ನ ಸೊಂಟಕ್ಕೆ ಬಂದೀತು. ಗೈಡ್ ವಾಪಸ್ ಎಂದರೆ ವಾಪಸ್ಸೇ. ಅಂದಹಾಗೆ, ಆಗಸ್ಟ್‌ನಲ್ಲಿ ತುದಿಯಲ್ಲಿ ಮಂಜೇ ಹೆಚ್ಚು. ನೋಟವೇ ಮುಖ್ಯವಾದರೆ ಅಕ್ಟೋಬರ್‌ಗೆ ಹೋಗಿ.