ಸಣ್ಣ ಬಿಟ್ ಎಲ್ಲಿ ನಿಲ್ಲಬೇಕು?

ಪ್ರಶ್ನೆ: ನನ್ನ ಮೊದಲ ಗಿಟಾರ್ ಮಾಡುತ್ತಿದ್ದೇನೆ. ಹೆಡ್‌ಸ್ಟಾಕಿನ (ಕುತ್ತಿಗೆಯ ತುದಿಯ ಭಾಗ) ಹಿಂಬದಿಯಲ್ಲಿ, ತಂತಿ ಬಿಗಿಯುವ ಕೀಗಳ ಸ್ಕ್ರೂಗೆ 1.6 ಮಿ.ಮೀ. ಡ್ರಿಲ್ ಬಿಟ್‌ನಿಂದ ತೂತು ಹಾಕುತ್ತಿದ್ದೆ. ಮೂರನೇ ತೂತಿನಲ್ಲಿ ಸ್ಕ್ರೂ ತುಂಡಾಯಿತು. ಆಳ ಸಾಲಲಿಲ್ಲ ಅಂದುಕೊಂಡು ನಾಲ್ಕನೆಯದನ್ನು ಸ್ವಲ್ಪ ಜಾಸ್ತಿ ಒತ್ತಿದೆ. ಬಿಟ್ ಮುಂಬದಿಯ ಬೀಟೆ ಹಲಗೆಯನ್ನು ಸೀಳಿಕೊಂಡು ಹೊರಬಂತು. ಬಿಟ್‌ಗೆ ಟೇಪ್ ಸುತ್ತಿದ್ದೆ. ಆದರೂ ಹೀಗಾಯಿತು. ಇನ್ನೂ ಎಂಟು ತೂತು ಬಾಕಿ ಇದೆ. ಫೋಟೋ ಕಳಿಸಿದ್ದೇನೆ. ಈಗೇನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ಫೋಟೋ ನೋಡಿ ಹೊಟ್ಟೆ ಚುರ್ ಅಂತು. ತಿಂಗಳುಗಟ್ಟಲೆ ಕೂತು ಮಾಡಿದ ಕುತ್ತಿಗೆ, ಕೊನೆಯ ಅರ್ಧ ಗಂಟೆಯಲ್ಲಿ ಹೀಗಾದರೆ ಎಷ್ಟು ಸಂಕಟ ಅಂತ ನನಗೆ ಗೊತ್ತು. ಗಾಬರಿ ಬೇಡ, ಅದನ್ನು ಸರಿಮಾಡಬಹುದು. ಹೇಗೆ ಅಂತ ಕೊನೆಗೆ ಹೇಳುತ್ತೇನೆ. ಇನ್ನೂ ಎಂಟು ತೂತು ಬಾಕಿ ಇದೆ ಅಂತ ಬರೆದಿದ್ದೀರಿ. ಅವನ್ನು ಉಳಿಸಿಕೊಳ್ಳುವ ಮಾತು ಮೊದಲು.

ನಿಮ್ಮ ಫೋಟೋದಲ್ಲೇ ಒಂದು ಸುಳಿವು ಇದೆ. ಬಿಟ್‌ಗೆ ಸುತ್ತಿದ ಟೇಪ್ ಸುಕ್ಕಾಗಿ ಮೇಲಕ್ಕೆ ಸರಿದಿದೆ. ಒಳಗಿನಿಂದ ಬರುವ ಪುಡಿ ಟೇಪಿನ ಅಡಿಗೆ ಒತ್ತುತ್ತದೆ. ಬಿಟ್ ಬಿಸಿಯಾದಂತೆ ಟೇಪಿನ ಅಂಟು ಸಡಿಲವಾಗುತ್ತದೆ. 1.6 ಮಿ.ಮೀ. ಬಿಟ್ ಸುತ್ತಳತೆಯಲ್ಲಿ 5 ಮಿ.ಮೀ. ಅಷ್ಟೆ, ಅದರ ಮೇಲೆ ಟೇಪಿಗೆ ಹಿಡಿತವೇ ಇಲ್ಲ. ಮೊದಲ ತೂತಿಗೂ ನಾಲ್ಕನೇ ತೂತಿಗೂ ನಡುವೆ ಅದು ನಿಮಗೆ ಗೊತ್ತಾಗದಂತೆ ಸರಿದಿದೆ. ಟೇಪು ಗುರುತು ಮಾತ್ರ, ಅದು ಯಾವುದನ್ನೂ ತಡೆಯುವುದಿಲ್ಲ. ಬಳಸಲೇಬೇಕು ಅಂದರೆ ಸುತ್ತಿದ ಮೇಲೆ ಒಂದು ಬಾಲ ಬಿಡಿ, ಬಾವುಟದ ಹಾಗೆ. ಆ ಬಾಲ ಮರದ ಮೇಲಿನ ಪುಡಿಯನ್ನು ಗುಡಿಸಲು ಶುರುಮಾಡಿದ ಕ್ಷಣ ಕೈ ಎತ್ತಿ. ಸೋಫಾ ಕಾಲಿಗೆ ಇಷ್ಟು ಸಾಕು. ಹೆಡ್‌ಸ್ಟಾಕಿಗೆ ಸಾಲದು.

ಇಲ್ಲಿ ಬೇಕಾಗಿರುವುದು ಬಿಟ್ ಮುಂದೆ ಹೋಗದಂತೆ ನಿಜವಾಗಿ ತಡೆಯುವ ಗಟ್ಟಿ ವಸ್ತು. ಅದನ್ನು ಅಂಗಡಿಯಲ್ಲಿ ಕೊಳ್ಳಬೇಕಾಗಿಲ್ಲ, ನಿಮ್ಮ ಮೇಜಿನ ಕೆಳಗೆ ಬಿದ್ದಿರುವ ಚೂರು ಮರ ಸಾಕು.

ಮೊದಲು ಲೆಕ್ಕ. ನಿಮ್ಮ ಸ್ಕ್ರೂ ತಲೆಯ ಕೆಳಗೆ 10 ಮಿ.ಮೀ. ಕೀಯ ತಗಡು 1 ಮಿ.ಮೀ. ಅಂದರೆ ಮರದೊಳಗೆ ಹೋಗುವುದು 9. ಹೆಡ್‌ಸ್ಟಾಕು ಬೀಟೆ ಹಲಗೆ ಸೇರಿ 14. ಹೀಗೆ ನೋಡಿದರೆ 5 ಮಿ.ಮೀ. ಮಿಗಬೇಕು. ಆದರೆ ಬಿಟ್‌ನ ತುದಿ ಚಪ್ಪಟೆ ಅಲ್ಲ, ಚೂಪು. ಸಾಮಾನ್ಯ ಬಿಟ್‌ಗಳ ತುದಿಯ ಕೋನ 118 ಡಿಗ್ರಿ. ಆ ಚೂಪಿನ ಉದ್ದ ಬಿಟ್‌ನ ದಪ್ಪದ ಸುಮಾರು 0.3 ಪಾಲು. 1.6ಕ್ಕೆ ಅರ್ಧ ಮಿ.ಮೀ., 6 ಮಿ.ಮೀ. ಬಿಟ್‌ಗೆ 1.8. ಪೂರ್ತಿ ದಪ್ಪದ ತೂತು 9 ಮಿ.ಮೀ. ಬೇಕಾದರೆ ತುದಿ 9.5ಕ್ಕೆ ಇಳಿಯಬೇಕು. ಈ ಅರ್ಧ ಮಿ.ಮೀ. ಬಿಟ್ಟರೆ ಸ್ಕ್ರೂ ಕೊನೆಯ ಸುತ್ತಿನಲ್ಲಿ ಬಿಗಿದು ಮುರಿಯುತ್ತದೆ. ನಿಮ್ಮ ಮೂರನೆಯದಕ್ಕೆ ಹೀಗೇ ಆಗಿರಬಹುದು. ಆ ಹೆದರಿಕೆಯಲ್ಲಿ ನಾಲ್ಕನೆಯದನ್ನು ಜಾಸ್ತಿ ಒತ್ತಿದಿರಿ. ಎರಡು ತೊಂದರೆಗೂ ಬೇರು ಒಂದೇ, ಅಲ್ವಾ?

ಈಗ ಬಿಟ್ ಅನ್ನು ಚಕ್ಕಿನೊಳಗೆ (ಡ್ರಿಲ್ಲಿನಲ್ಲಿ ಬಿಟ್ ಹಿಡಿಯುವ ಬಾಯಿ) ಸಾಕಷ್ಟು ಒಳಕ್ಕೆ ಹಾಕಿ, 25 ಮಿ.ಮೀ. ಮಾತ್ರ ಹೊರಗಿರಲಿ. ಹೊರಗೆ ಕಡಿಮೆ ಇದ್ದಷ್ಟೂ ಬಳುಕುವುದು ಕಡಿಮೆ. 25ರಲ್ಲಿ 9.5 ಕಳೆದರೆ 15.5. ಅಷ್ಟು ಉದ್ದದ ಒಂದು ಮರದ ಕೊಳವೆ ನಿಮಗೆ ಬೇಕು. ಗಟ್ಟಿ ಮರದ್ದೊಂದು 10 ಮಿ.ಮೀ. ಚೌಕದ ಕಡ್ಡಿ ತೆಗೆದುಕೊಳ್ಳಿ. ಉದ್ದಕ್ಕೆ, ನಡುವೆ, 2 ಮಿ.ಮೀ. ತೂತು ಕೊರೆಯಿರಿ. ಆಮೇಲೆ 16 ಮಿ.ಮೀ.ಗೆ ಕತ್ತರಿಸಿ. ಮೊದಲೇ ಕತ್ತರಿಸಿ ಆಮೇಲೆ ಕೊರೆಯಲು ಹೋದರೆ ಚೂರು ಕೈಯಲ್ಲಿ ನಿಲ್ಲುವುದಿಲ್ಲ, ಬೆರಳಿಗೆ ಏಟು. ಅದನ್ನು ಬಿಟ್‌ಗೆ ಏರಿಸಿದರೆ ಮೇಲ್ತುದಿ ಚಕ್ಕಿಗೆ ತಾಗುತ್ತದೆ, ಕೆಳತುದಿ ಮರಕ್ಕೆ. ಬಿಟ್ ಇನ್ನು ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ.

ತೂತು 1.6 ಬದಲು 2 ಯಾಕೆ ಅಂತ ಕೇಳಬಹುದು. ಬಿಗಿಯಾಗಿದ್ದರೆ ಕೊಳವೆ ಬಿಟ್ ಜತೆ ತಿರುಗಿ, ನೀವು ಉಜ್ಜಿ ಪಾಲಿಶ್ ಮಾಡಿದ ಮರದ ಮೇಲೆ ಸುಟ್ಟ ಬಳೆಯ ಗುರುತು ಮಾಡುತ್ತದೆ. ಸಡಿಲ ಇದ್ದರೆ ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಬಹುದು. ಕೆಳತುದಿಗೆ ಸ್ವಲ್ಪ ಮೇಣ ಸವರಿ, ಅಂಚು ದುಂಡಗೆ ಮಾಡಿ.

16ರಿಂದ 15.5ಕ್ಕೆ ಸ್ಯಾಂಡ್ ಪೇಪರ್ ಮೇಲೆ ಉಜ್ಜುತ್ತಾ ಬನ್ನಿ, ಪ್ರತಿ ಸಲ ಕುತ್ತಿಗೆಯ ಮರದ್ದೇ ಒಂದು ಚೂರಿನಲ್ಲಿ ತೂತು ಹಾಕಿ ನೋಡಿ. ವರ್ನಿಯರಿನ ಕಡ್ಡಿ ಇಷ್ಟು ಸಣ್ಣ ತೂತಿಗೆ ಇಳಿಯುವುದಿಲ್ಲ. ಹೊಲಿಗೆ ಸೂಜಿ ಇಳಿಸಿ, ಮರದ ಮಟ್ಟದಲ್ಲಿ ಉಗುರಿನಿಂದ ಹಿಡಿದು, ಹೊರಗೆ ತೆಗೆದು ಅಳೆಯಿರಿ. ಆಮೇಲೆ ಆ ಕೊಳವೆಯ ಮೇಲೆ ಪೆನ್ಸಿಲಿನಲ್ಲಿ '1.6 ಬಿಟ್, 25 ಹೊರಗೆ, 9.5 ಆಳ' ಅಂತ ಬರೆದಿಡಿ. ನನ್ನ ಬಳಿ ಇಂಥ ಚೂರುಗಳು ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಇವೆ. ಒಂದೊಂದಕ್ಕೂ ಒಂದೊಂದು ಗಿಟಾರಿನ ನೆನಪು.

ಬೆಂಚ್ ಡ್ರಿಲ್ ಇದ್ದರೆ ಕೆಲಸ ಇನ್ನೂ ಸುಲಭ. ಆದರೆ ಅದರ ಮೇಲಿನ ಅಳತೆ ಪಟ್ಟಿಯನ್ನು ನಂಬಬೇಡಿ. ಬಿಟ್‌ನ ತುದಿ ಮರಕ್ಕೆ ತಾಗುವಂತೆ ಇಳಿಸಿ ಹಿಡಿಯಿರಿ. ತಡೆಯ ನಟ್ಟಿಗೂ ಅದು ತಾಗುವ ಜಾಗಕ್ಕೂ ನಡುವೆ 9.5 ಮಿ.ಮೀ. ಬಿಟ್‌ನ ಹಿಡಿಯ ಭಾಗವನ್ನು ಅಡ್ಡ ಇಟ್ಟು ನಟ್ ಬಿಗಿಯಿರಿ. ಆ ಬಿಟ್ ತೆಗೆದರೆ ಅಷ್ಟೇ ಆಳ ಸಿಗುತ್ತದೆ. ಹಿಂದಕ್ಕೆ ಬಾಗಿದ ಹೆಡ್‌ಸ್ಟಾಕ್ ಆದರೆ ಅದನ್ನು ಮುಖ ಕೆಳಗೆ ಮಾಡಿ ಇಟ್ಟಾಗ ಕುತ್ತಿಗೆ ಓರೆಯಾಗಿ ಮೇಲೇಳುತ್ತದೆ. ಅದರ ಕೆಳಗೆ ಬೆಣೆ ಕೊಡಿ. ಇಲ್ಲದಿದ್ದರೆ ಕೊರೆಯುವಾಗ ಅಲುಗಾಡುತ್ತದೆ.

ಇನ್ನೊಂದು ವಿಷಯ. ಸಣ್ಣ ಬಿಟ್‌ನ ಮೈಮೇಲಿನ ಸುರುಳಿ ಕಾಲುವೆ ಬಲು ಕಿರಿದು, ಬೇಗ ತುಂಬಿಕೊಳ್ಳುತ್ತದೆ. ತುಂಬಿದ ಮೇಲೆ ಬಿಟ್ ಕೊರೆಯುವುದಿಲ್ಲ, ಉಜ್ಜುತ್ತದೆ. ನಾವು ಒತ್ತುತ್ತೇವೆ. ಒತ್ತಿದಾಗ ಅದು ಬಳುಕುತ್ತದೆ, ಇಲ್ಲವೇ ಚಕ್ಕಿನೊಳಗೇ ಮೇಲಕ್ಕೆ ಜಾರುತ್ತದೆ. ಆಮೇಲೆ ಒಮ್ಮೆಲೇ ಹಾದಿ ಸಿಕ್ಕಿ ಒಳಗೆ ನುಗ್ಗುತ್ತದೆ. ಅದಕ್ಕೇ ಎರಡೆರಡು ಮಿ.ಮೀ. ಇಳಿಸಿ, ಪೂರ್ತಿ ಹೊರಗೆ ತೆಗೆದು, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಪುಡಿ ಉದುರಿಸಿ, ಮತ್ತೆ ಇಳಿಸಬೇಕು. ಬೀಟೆಯಲ್ಲಿ ಇದು ಇನ್ನೂ ಮುಖ್ಯ. ಅದರ ಪುಡಿ ಎಣ್ಣೆಯಂತೆ ಮೆತ್ತಿಕೊಳ್ಳುತ್ತದೆ. ಮರದೊಳಗೆ ಅಲ್ಲಲ್ಲಿ ಸುಣ್ಣದಂಥ ಬಿಳಿ ಗಟ್ಟಿ ಪದಾರ್ಥ ಇರುತ್ತದೆ, ಅದು ಬಿಟ್‌ನ ಮೊನೆ ತಿನ್ನುತ್ತದೆ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಬೀಟೆ ಪುಡಿ ಕೆಲವರಿಗೆ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ. 1960ರ ದಶಕದ ಕೊನೆಗೆ ಬ್ರೆಜಿಲ್ ತನ್ನ ಬೀಟೆಯ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ ಲೋಕದ ಗಿಟಾರು ಮಾಡುವವರು ಹೆಚ್ಚಾಗಿ ನಮ್ಮ ಘಟ್ಟದ ಬೀಟೆಯ ಕಡೆಗೇ ತಿರುಗಿದರು. ಅಂಥ ಮರ ನಿಮ್ಮ ಕೈಯಲ್ಲಿದೆ. ಒಂದು ಚೂರನ್ನೂ ಸುಮ್ನೆ ಕಳೆಯಬೇಡಿ.

ಕೊನೆಯ 2 ಮಿ.ಮೀ. ನಾನು ಯಂತ್ರದಲ್ಲಿ ಕೊರೆಯುವುದೇ ಇಲ್ಲ. ಬಿಟ್ ಅನ್ನು ಪಿನ್ ವೈಸಿಗೆ (ಬೆರಳಲ್ಲಿ ಹಿಡಿಯುವ ಪುಟ್ಟ ಚಕ್ಕು) ಹಾಕಿ ಬೆರಳಲ್ಲೇ ತಿರುಗಿಸುತ್ತೇನೆ. ನಮ್ಮಜ್ಜ ಬಿಲ್ಲಿನ ಬೈರಿಗೆ ಎಳೆಯುತ್ತಿದ್ದರು. ಹಗ್ಗ ಒಂದು ಸಲ ಹೋಗಿ ಬಂದರೆ ಎಷ್ಟು ಇಳಿಯಿತು ಅಂತ ಅವರ ಅಂಗೈಗೆ ಗೊತ್ತಾಗುತ್ತಿತ್ತು. ಪಿನ್ ವೈಸಿನಲ್ಲೂ ಹಾಗೇ. ಮರ ಮೆತ್ತಗಾಯಿತೋ, ಗಟ್ಟಿಯಾಯಿತೋ, ಎರಡು ಹಲಗೆ ಅಂಟಿಸಿದ ಗೆರೆ ಬಂತೋ, ಬೆರಳಿಗೆ ತಿಳಿಯುತ್ತದೆ.

ಸ್ಕ್ರೂ ಹಾಕುವ ಮುಂಚೆ ಅದೇ ಅಳತೆಯ ಗಟ್ಟಿ ಉಕ್ಕಿನ ಸ್ಕ್ರೂ ಒಂದನ್ನು ಮೇಣದಬತ್ತಿಗೆ ಉಜ್ಜಿ ಒಮ್ಮೆ ಹಾಕಿ ತೆಗೆಯಿರಿ, ಮರದಲ್ಲಿ ದಾರಿ ಬೀಳುತ್ತದೆ. ಆಮೇಲೆ ಕೀ ಜತೆ ಬಂದ ಮೆತ್ತನೆಯ ಸ್ಕ್ರೂ ಹಾಕಿ. ಸಾಬೂನು ಬೇಡ, ಅದು ತೇವ ಹಿಡಿದು ತುಕ್ಕು ತರಿಸುತ್ತದೆ. ಮುರಿದು ಉಳಿದ ಸ್ಕ್ರೂನ ತುದಿ ಸ್ವಲ್ಪ ಮೇಲಿದ್ದರೆ ಸೋಲ್ಡರಿಂಗ್ ಐರನ್ನಿನಿಂದ ಕಾಯಿಸಿ, ಇಕ್ಕಳದಲ್ಲಿ ಹಿಡಿದು ನಿಧಾನ ಹಿಂದಕ್ಕೆ ತಿರುಗಿಸಿ, ಬರುತ್ತದೆ.

ಮುಂಬದಿಯ ತೂತಿಗೆ ಬೀಟೆ ಪುಡಿ ತುಂಬಿ ಫೆವಿಕ್ವಿಕ್ ಬಿಡಿ ಅಂತ ಹಲವರು ಹೇಳುತ್ತಾರೆ. ಬೇಡ. ಅದು ಕಪ್ಪು ಚುಕ್ಕಿಯಾಗಿ ನಿಂತು ವಾರ್ನಿಶ್ ಹಾಕಿದ ಮೇಲೆ ಇನ್ನೂ ಎದ್ದು ಕಾಣುತ್ತದೆ. ಅದೇ ಹಲಗೆಯ ಮಿಕ್ಕ ಚೂರಿನಿಂದ ಒಂದು ಸಣ್ಣ ಸಿಬಿರು ತೆಗೆದು, ಅದರ ಎಳೆ ಹಲಗೆಯ ಎಳೆಯ ದಿಕ್ಕಿಗೇ ಬರುವಂತೆ ಕೆತ್ತಿ. ಸೀಳಿದ ಜಾಗವನ್ನು ಚೂಪು ಚಾಕುವಿನಿಂದ ದೋಣಿಯಾಕಾರಕ್ಕೆ ಬಿಡಿಸಿ, ಸಿಬಿರನ್ನು ಅಂಟಿಸಿ, ಒಣಗಿದ ಮೇಲೆ ಉಜ್ಜಿ. ದೋಣಿಯ ಎರಡು ಮೊನೆ ಎಳೆಯೊಳಗೆ ಸೇರಿಹೋಗುತ್ತವೆ. ಎರಡು ಮೊಳ ದೂರದಿಂದ ನಿಮಗೇ ಕಾಣಿಸುವುದಿಲ್ಲ.

ಪ್ರಶ್ನೆ: ಫಿಂಗರ್‌ಬೋರ್ಡಿನ (ಕುತ್ತಿಗೆಯ ಮೇಲೆ ಬೆರಳಿಡುವ ಪಟ್ಟಿ) ಅಂಚಿಗೆ 2 ಮಿ.ಮೀ. ಚುಕ್ಕಿ, ಮೇಲೆ 6 ಮಿ.ಮೀ. ಮುತ್ತಿನ ಚಿಪ್ಪಿನ ಚುಕ್ಕಿ ಕೂರಿಸಬೇಕು. ಎಷ್ಟು ಆಳ ಕೊರೆಯಲಿ? ಸ್ಟಾಪ್ ಕಾಲರ್ (ಬಿಟ್‌ಗೆ ಬಿಗಿಯುವ ತಡೆ ಬಳೆ) ಕೊಳ್ಳಲೇ?
– ಓದುಗರು, ಮಂಗಳೂರು

ಉತ್ತರ: 6 ಮಿ.ಮೀ. ಬಿಟ್‌ಗೆ ಕಾಲರ್ ಕೊಳ್ಳಿ, ಒಳ್ಳೆಯದೇ. 3 ಮಿ.ಮೀ.ಗಿಂತ ಸಣ್ಣ ಬಿಟ್‌ಗೆ ಕಾಲರ್ ಸಿಗುವುದು ಅಪರೂಪ. ಸಿಕ್ಕರೂ ಅದರ ಪುಟ್ಟ ಸ್ಕ್ರೂ ಉಕ್ಕಿನ ಮೇಲೆ ಜಾರುತ್ತದೆ, ಬಿಗಿದರೆ ಬಿಟ್ ಮುರಿಯುತ್ತದೆ. ಮೇಲೆ ಹೇಳಿದ ಮರದ ಕೊಳವೆಯೇ ವಾಸಿ.

ಅಂಚಿನ ಚುಕ್ಕಿಗೆ ಪೂರ್ತಿ ದಪ್ಪದ ತೂತು 3 ಮಿ.ಮೀ. ಇರಲಿ, ತುದಿ 3.6ಕ್ಕೆ ಇಳಿಯುತ್ತದೆ. ಒಂದೂವರೆ ಮಿ.ಮೀ. ಸಾಕು ಅನ್ನಿಸಬಹುದು. ಆದರೆ ಆಮೇಲೆ ಅಂಚನ್ನು ಕೀಸಿ ದುಂಡಗೆ ಮಾಡುತ್ತೀರಿ, ಆಗ ಚುಕ್ಕಿ ಸವೆದು ಉದುರುತ್ತದೆ. ಕೊರೆಯುವ ಮುಂಚೆ ಚೂಪು ದಬ್ಬಣದಿಂದ ಒಂದು ಕುಳಿ ಒತ್ತಿ, ಇಲ್ಲದಿದ್ದರೆ ಬಿಟ್ ಮರದ ಎಳೆ ಹಿಡಿದು ಪಕ್ಕಕ್ಕೆ ಜಾರುತ್ತದೆ. ಚುಕ್ಕಿಯ ಕಡ್ಡಿಯ ಒಂದು ಬದಿಯನ್ನು ಅರದಿಂದ ಒಂದೇ ಒಂದು ಸಲ ಎಳೆಯಿರಿ. ತಳ ಮುಚ್ಚಿದ ತೂತಿನಲ್ಲಿ ಗಾಳಿ ಸಿಕ್ಕಿಕೊಂಡು ಕಡ್ಡಿಯನ್ನು ಹೊರಗೆ ತಳ್ಳುತ್ತದೆ. ಆ ಗೀರಿನಲ್ಲಿ ಗಾಳಿ ಹೊರಬರುತ್ತದೆ.

ಮೇಲಿನ 6 ಮಿ.ಮೀ. ಚುಕ್ಕಿಯ ವಿಷಯಕ್ಕೆ ನನ್ನ ಎರಡನೇ ಗಿಟಾರಿನ ಕಥೆ ಹೇಳಲೇಬೇಕು. ಫಿಂಗರ್‌ಬೋರ್ಡ್ 6 ಮಿ.ಮೀ. ದಪ್ಪ, ಆಗಲೇ ಕುತ್ತಿಗೆಗೆ ಅಂಟಿಸಿಬಿಟ್ಟಿದ್ದೆ. ಚಿಪ್ಪು 2 ಮಿ.ಮೀ. ನಡುವೆ ಮುಳ್ಳು ಇರುವ ಬ್ರ್ಯಾಡ್ ಪಾಯಿಂಟ್ ಬಿಟ್, ಅದಕ್ಕೆ ಟೇಪು. ನಡುವಿನ ಮುಳ್ಳು ಉಳಿದ ಭಾಗಕ್ಕಿಂತ 2 ಮಿ.ಮೀ. ಮುಂದಿದೆ ಅನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಐದನೇ ಫ್ರೆಟ್ಟಿನ ಚುಕ್ಕಿಯಲ್ಲಿ ಟೇಪು ಸರಿದು ಮುಳ್ಳು ಕೆಳಗಿನ ಟ್ರಸ್ ರಾಡಿನ (ಕುತ್ತಿಗೆಯ ಬಾಗು ಸರಿಮಾಡುವ ಉಕ್ಕಿನ ಸರಳು) ಕಾಲುವೆಗೆ ತೂತು ಹೊಡೆಯಿತು. ಸಣ್ಣ ತೂತು, ನೋಡಿದರೂ ಮನಸ್ಸಿಗೆ ಹತ್ತಲಿಲ್ಲ. ನೀರಿನಂಥ ತೆಳು ಅಂಟು ಬಿಟ್ಟು ಚುಕ್ಕಿ ಕೂರಿಸಿದೆ. ಅಂಟು ಕೆಳಗಿಳಿದು ರಾಡನ್ನೇ ಹಿಡಿದುಕೊಂಡಿತು. ತಂತಿ ಬಿಗಿದ ಮೇಲೆ ಕುತ್ತಿಗೆ ಬಾಗಿತು, ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿ ಎದ್ದು ನಿಂತಿತು, ರಾಡು ತಿರುಗಲೇ ಇಲ್ಲ. ಇಸ್ತ್ರಿ ಪೆಟ್ಟಿಗೆ ಇಟ್ಟು ಕಾಯಿಸಿ ಇಡೀ ಫಿಂಗರ್‌ಬೋರ್ಡ್ ಬಿಡಿಸಬೇಕಾಯಿತು. ಎರಡು ದಿನ ನನಗೆ ಊಟ ಸೇರಲಿಲ್ಲ.

ಆದ್ದರಿಂದ, ಆಗುವುದಾದರೆ ಫಿಂಗರ್‌ಬೋರ್ಡ್ ಅಂಟಿಸುವ ಮೊದಲೇ ಕೊರೆಯಿರಿ, ಕೆಳಗೆ ಮೇಜು ಕಾಣುತ್ತಿರುತ್ತದೆ. ಚಿಪ್ಪು ಒಂದು ಕೂದಲಿನಷ್ಟು ಮೇಲಿರಲಿ, 2 ಮಿ.ಮೀ. ಚಿಪ್ಪಿಗೆ 1.8 ಆಳ. ಮುಳ್ಳು ಇಳಿದ ಮೇಲೂ ತಳದಲ್ಲಿ 2.2 ಮಿ.ಮೀ. ಮರ ಉಳಿಯುತ್ತದೆ. ಮೈಸೂರಿನಲ್ಲಿ ನನ್ನ ಅಂಗಡಿಯ ಪಕ್ಕದಲ್ಲಿ ಬೀಟೆ ಮರದ ಇನ್‌ಲೇ ಕೆಲಸ ಮಾಡುವ ಹಿರಿಯರೊಬ್ಬರಿದ್ದರು. ಅವರು ಅಳತೆ ಪಟ್ಟಿ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಕೂರಿಸುವ ಚೂರನ್ನೇ ಕುಳಿಗೆ ಇಳಿಸಿ, ಹೆಬ್ಬೆರಳಿನಿಂದ ಅಂಚು ಸವರಿ, 'ಇನ್ನೊಂದಿಷ್ಟು' ಅಂತ ಮತ್ತೆ ಉಳಿ ಹಿಡಿಯುತ್ತಿದ್ದರು. ನಾನೂ ಈಗ ಮೊದಲ ತೂತಿಗೆ ಹಾಗೇ ಚಿಪ್ಪು ಇಟ್ಟು ಹೆಬ್ಬೆರಳು ಸವರಿ ನೋಡುತ್ತೇನೆ. ಆಮೇಲೆಯೇ ಉಳಿದವು.

ಪ್ರಶ್ನೆ: ಎಸ್.ಪಿ. ರಸ್ತೆಯಲ್ಲಿ ಸರ್ಕ್ಯೂಟ್ ಬೋರ್ಡಿಗೆ ಬಳಸುವ 1 ಮಿ.ಮೀ. ಬಿಟ್ ಸಿಕ್ಕವು. ಹಿಡಿಗೆ ಬಣ್ಣದ ಪ್ಲಾಸ್ಟಿಕ್ ಬಳೆ ಇದೆ. ಅದನ್ನೇ ಆಳದ ತಡೆಯಾಗಿ ಬಳಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ಆ ಬಳೆ ಇರುವುದು ಬಿಟ್ ಯಂತ್ರದ ಚಕ್ಕಿನಲ್ಲಿ ಪ್ರತಿ ಸಲ ಒಂದೇ ಉದ್ದಕ್ಕೆ ಕೂರಲಿ ಅಂತ. ಬಳೆಯಿಂದ ತುದಿಗೆ 20.3 ಮಿ.ಮೀ. ಇರುತ್ತದೆ. ಮರಕ್ಕೆ ತಾಗಿ ತಡೆಯಲು ಅದು ತುಂಬಾ ಮೇಲಾಯಿತು. ಆದರೆ ಇನ್ನೊಂದು ಉಪಯೋಗ ಇದೆ. ಬಳೆಯನ್ನು ಚಕ್ಕಿಗೆ ಒತ್ತಿ ಕೂರಿಸಿದರೆ ಬಿಟ್ ಬದಲಿಸಿದಾಗಲೂ ಹೊರಗಿನ ಉದ್ದ ಅದೇ ಇರುತ್ತದೆ, ನಿಮ್ಮ ಮರದ ಕೊಳವೆಯ ಲೆಕ್ಕ ತಪ್ಪುವುದಿಲ್ಲ. ಹಿಡಿ 3.175 ಮಿ.ಮೀ. ಇರುವುದರಿಂದ ದೊಡ್ಡ ಚಕ್ಕಿಗೂ ಚೆನ್ನಾಗಿ ಸಿಗುತ್ತದೆ. ಕೊಳವೆಯ ಮೇಲ್ಭಾಗದಲ್ಲಿ ಆ ದಪ್ಪ ಹಿಡಿ ಇಳಿಯುವಷ್ಟು ಅಗಲ ಮಾಡಿಕೊಳ್ಳಿ.

ಒಂದು ಎಚ್ಚರ. ಇವು ಕಾರ್ಬೈಡ್. ಹರಿತ ಜಾಸ್ತಿ, ಬಳುಕು ಸ್ವಲ್ಪವೂ ಇಲ್ಲ. ಕೈ ಡ್ರಿಲ್ಲಿನಲ್ಲಿ ಹಿಡಿದರೆ ಮಣಿಕಟ್ಟು ಚೂರು ಓರೆಯಾದರೂ ಪಟ್ ಅಂತ ಮುರಿದು ತುಂಡು ಮರದೊಳಗೇ ಉಳಿಯುತ್ತದೆ. ಬೆಂಚ್ ಡ್ರಿಲ್ಲಿನಲ್ಲಿ ಮಾತ್ರ ಬಳಸಿ, ಮರವನ್ನು ಕ್ಲಾಂಪಿನಿಂದ ಬಿಗಿಯಿರಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕೈ ಡ್ರಿಲ್ಲೇ ಇರುವುದಾದರೆ ಮಾಮೂಲಿ ಎಚ್.ಎಸ್.ಎಸ್. (ಹೈ ಸ್ಪೀಡ್ ಸ್ಟೀಲ್) ಬಿಟ್ ತನ್ನಿ. ಅದು ಬಾಗಿಯಾದರೂ ಬಾಗುತ್ತದೆ.