ಮುಸ್ಲಿಮರೇ ಹೆಚ್ಚಿರುವ ಬಡಾವಣೆಯಲ್ಲಿ ಮಿಷನರಿಗಳು ಯುವಜನರೊಂದಿಗೆ ಕ್ರಿಸ್ಮಸ್ ಆಚರಿಸುವುದು ಸರಿಯೇ?

ಮೈಸೂರಿನ ಉದಯಗಿರಿ, ರಾಜೀವನಗರದ ಕಡೆ ಕ್ರೈಸ್ತ ಮಿಷನರಿಗಳು ಮುಸ್ಲಿಂ ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ಕ್ರಿಸ್ಮಸ್ ಆಚರಿಸುವುದು ಸೌಹಾರ್ದವೋ, ಮತಾಂತರದ ಮೊದಲ ಮೆಟ್ಟಿಲೋ ಎಂದು ತಾವು ಕೇಳಿದ್ದೀರಿ. ನಾನು ಕ್ಯಾಥೊಲಿಕ್, ಸಿಸ್ಟರ್‌ಗಳು ಆ ಭಾಗದಲ್ಲಿ ನಡೆಸುವ ಸಂಜೆ ತರಗತಿಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬರುವವರಲ್ಲಿ ಬಹುಪಾಲು ಮುಸ್ಲಿಂ ಮಕ್ಕಳು, ತಾಯಂದಿರು ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ ಮನೆಗಳವರು. ಹಾಗಾಗಿ ನನ್ನ ಉತ್ತರ ತಟಸ್ಥವಾದದ್ದೆಂದು ಹೇಳಿಕೊಳ್ಳಲಾರೆ. ಹಬ್ಬ ಯಾರದು, ಅತಿಥಿಗಳು ಯಾರು, ಅಲ್ಲಿ ಏನೇನು ನಡೆಯುತ್ತದೆ ಎಂಬುದು ಮಕ್ಕಳ ತಂದೆತಾಯಿಗೆ ಮುಂಚೆಯೇ ತಿಳಿದಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಅದನ್ನು ಮರೆಮಾಚಿ ಮಾಡಿದ್ದಾದರೆ, ಮಾಡಿದವರ ಮನಸ್ಸು ಎಷ್ಟೇ ಒಳ್ಳೆಯದಾಗಿದ್ದರೂ ನಾನು ಅದನ್ನು ಸಮರ್ಥಿಸುವುದಿಲ್ಲ.

ಈ ಊರಿಗೆ ಮಿಷನ್ ಎಂಬ ಮಾತು ಹೊಸದೇನಲ್ಲ. ಮಂಡಿ ಮೊಹಲ್ಲಾದಲ್ಲಿ ವೆಸ್ಲಿಯನ್ ಮಿಷನ್‌ನವರು 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಜನರ ಬಾಯಲ್ಲಿ ಇಂದಿಗೂ ಮಿಷನ್ ಆಸ್ಪತ್ರೆಯೇ. ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು; ಡಿಸೆಂಬರ್ ಕೊನೆಯ ವಾರ ಅಲ್ಲಿ ಗೋದಲಿ (ಯೇಸು ಹುಟ್ಟಿದ ದೃಶ್ಯವನ್ನು ಗೊಂಬೆಗಳಲ್ಲಿ ತೋರಿಸುವ ಅಲಂಕಾರ) ನೋಡಲು ನಿಲ್ಲುವ ಸಾಲಿನಲ್ಲಿ ಮಕ್ಕಳ ಕೈ ಹಿಡಿದ ಬುರ್ಖಾಧಾರಿ ತಾಯಂದಿರನ್ನೂ ಕಾಣಬಹುದು. ಆದರೆ ಅವರು ತಾವಾಗಿ ಬಂದವರು. ನಾವು ನಮ್ಮ ಹಬ್ಬವನ್ನು ಅವರ ಬೀದಿಗೆ ಒಯ್ಯುವುದು ಬೇರೆಯದೇ ವಿಷಯ, ತಮ್ಮ ಪ್ರಶ್ನೆಗೆ ತೂಕ ಬರುವುದೂ ಅಲ್ಲಿಯೇ.

ನಮ್ಮಲ್ಲಿ ನವೆಂಬರ್ ಮುಗಿಯುವ ಹೊತ್ತಿಗೆ ಕನ್ನಡ ಮತ್ತು ಉರ್ದುವಿನಲ್ಲಿ ಬರೆದ ಒಂದು ಚೀಟಿ ಮನೆಮನೆಗೆ ಹೋಗುತ್ತದೆ. ಇದು ಯೇಸುವಿನ ಜನ್ಮದಿನದ ಹಬ್ಬ, ಗೋದಲಿ ಇರುತ್ತದೆ, ಹಾಡು ಇರುತ್ತದೆ, ಪ್ರಾರ್ಥನೆ ಇರುವುದಿಲ್ಲ, ಕಳುಹಿಸುವುದೂ ಬಿಡುವುದೂ ತಮ್ಮ ಇಷ್ಟ ಎಂದು ಅದರಲ್ಲಿ ಬರೆದಿರುತ್ತದೆ. ಚೀಟಿಗೆ ಪೋಷಕರ ಸಹಿ ಹಾಕಿಸಿ ತಾರದ ಮಕ್ಕಳನ್ನು ಯಾರೂ ಏಕೆಂದು ಕೇಳುವುದಿಲ್ಲ. ಸಿಸ್ಟರ್‌ಗಳ ಪೂಜೆ ಪ್ರಾರ್ಥನೆಗಳೆಲ್ಲ ಬೆಳಿಗ್ಗೆ ಕಾನ್ವೆಂಟಿನಲ್ಲೇ ಮುಗಿದಿರುತ್ತವೆ. ಕೇಕಿಗೆ ಹಾಕುವ ಒಣಹಣ್ಣನ್ನು ರಮ್ಮಿನಲ್ಲಿ ನೆನೆಸದೆ ಕಿತ್ತಳೆ ರಸದಲ್ಲಿ ನೆನೆಸುತ್ತಾರೆ, ಬಿರಿಯಾನಿ ಅದೇ ಬೀದಿಯ ಮುಸ್ಲಿಂ ಅಡುಗೆಯವರಿಂದ ಬರುವುದರಿಂದ ಹಲಾಲ್‌ನ ಪ್ರಶ್ನೆ ಏಳುವುದೇ ಇಲ್ಲ.

ಗೋದಲಿಯ ಹುಲ್ಲಿಗಾಗಿ ಹತ್ತು ಹದಿನೈದು ದಿನ ಮುಂಚೆ ತಟ್ಟೆಗಳಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸುವುದು ನಮ್ಮ ರೂಢಿ, ಅದಕ್ಕೆ ನೀರು ಚಿಮುಕಿಸುವ ಪಾಳಿಗೆ ಮಕ್ಕಳಲ್ಲಿ ಜಗಳವೇ ಆಗುತ್ತದೆ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಬೀಬಿ ಮರ್ಯಮ್ (ಯೇಸುವಿನ ತಾಯಿ) ಹೆರಿಗೆ ನೋವಿನಲ್ಲಿ ಒರಗಿದ್ದು ಖರ್ಜೂರದ ಮರಕ್ಕೆ, ಇಲ್ಲಿ ಆ ಮರವೇ ಇಲ್ಲವಲ್ಲ ಎಂದು ಸಿಸ್ಟರ್‌ರನ್ನು ಕೇಳಿದ. ಅದು ನಿಮ್ಮ ಕುರಾನಿನಲ್ಲಿದೆ, ನಮ್ಮ ಲೂಕನ ಸುವಾರ್ತೆಯಲ್ಲಿ ಮಗುವನ್ನು ಮಲಗಿಸಿದ್ದು ದನದ ಗೋದಲಿಯಲ್ಲಿ, ಎರಡೂ ಬೇರೆ ಬೇರೆ ಎಂದು ಅವರು ಹೇಳಿದರು. ಹುಡುಗ ತಲೆಯಾಡಿಸಿ ನೀರಿನ ಚೊಂಬನ್ನು ಮತ್ತೆ ಕೈಗೆತ್ತಿಕೊಂಡ.

ಆ ಉತ್ತರ ನನಗೆ ಹಿಡಿಸಿತು. ಕುರಾನಿನ 19ನೆಯ ಅಧ್ಯಾಯಕ್ಕೆ ಮರ್ಯಮಳದೇ ಹೆಸರಿದೆ, ಆ ಗ್ರಂಥದಲ್ಲಿ ಹೆಸರಿನಿಂದ ಕರೆಯಲ್ಪಟ್ಟ ಒಬ್ಬಳೇ ಹೆಣ್ಣು ಅವಳು. ಆದರೆ ಮುಸ್ಲಿಮರಿಗೆ ಈಸಾ, ಅಂದರೆ ಯೇಸು, ಪ್ರವಾದಿಯೇ ಹೊರತು ದೇವರ ಮಗನಲ್ಲ, ಕ್ರಿಸ್ಮಸ್ ನಿಂತಿರುವುದೇ ಆ ಎರಡನೆಯ ನಂಬಿಕೆಯ ಮೇಲೆ. ಸಮಾನವಾದ ಒಂದು ಹೆಸರನ್ನು ಗಾಳಕ್ಕೆ ಸಿಕ್ಕಿಸಿ ಮಾತು ಶುರುಮಾಡುವ ಪ್ರಚಾರಕರೂ ಇದ್ದಾರೆ. ಅದು ಅತಿಥಿಗೆ ಮಾಡುವ ಅವಮಾನವೆಂದೇ ನನ್ನ ಭಾವನೆ. ಹಾಗೆಯೇ ಅನ್ಯಧರ್ಮದ ಹಬ್ಬದಲ್ಲಿ ಪಾಲ್ಗೊಳ್ಳಕೂಡದೆನ್ನುವ ಮೌಲ್ವಿಗಳೂ, ಶುಭಾಶಯ ಹೇಳಿದರೆ ದೋಷವಿಲ್ಲವೆನ್ನುವ ಮೌಲ್ವಿಗಳೂ ಇರುವುದರಿಂದ ಬಾರದಿರುವ ಮಕ್ಕಳನ್ನು ಸಂಕುಚಿತರೆಂದು ಬಗೆಯುವುದು ಸಲ್ಲದು.

ತಮ್ಮ ಅನುಮಾನಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. ಒಂದು ವರ್ಷ ಹೊರಗಿನಿಂದ ಬಂದ ತಂಡವೊಂದು ಸ್ಕೂಲ್ ಬ್ಯಾಗುಗಳನ್ನು ಹಂಚಿ, ಯೇಸುವನ್ನು ಹೃದಯಕ್ಕೆ ಬರಮಾಡಿಕೊಳ್ಳುವವರು ಕೈ ಎತ್ತಿ ಎಂದುಬಿಟ್ಟಿತು. ಬ್ಯಾಗು ಕೊಟ್ಟವರ ಮುಖ ನೋಡಿ ಮಕ್ಕಳು ಕೈ ಎತ್ತಿದರು. ಸಿಸ್ಟರ್ ಅಲ್ಲೇ ಮೈಕು ಕಿತ್ತುಕೊಂಡರೂ ಸುದ್ದಿ ಸಂಜೆಯೊಳಗೆ ಮಸೀದಿ ಮುಟ್ಟಿತ್ತು. ಪರೀಕ್ಷೆ ಹತ್ತಿರವಿದ್ದರೂ ಜನವರಿಯಲ್ಲಿ ಹೆಣ್ಣುಮಕ್ಕಳ ಬೆಂಚುಗಳು ಖಾಲಿಯಾದವು, ಅವರ ತಂದೆಯರನ್ನು ನಾನು ದೂರಲಾರೆ.

ಕಾನೂನಿನ ಮಾತೂ ಇದೆ. ಸಂವಿಧಾನದ 25ನೆಯ ವಿಧಿ ಧರ್ಮಪ್ರಚಾರದ ಹಕ್ಕನ್ನು ಕೊಡುತ್ತದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅಪ್ರಾಪ್ತ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಕೂರಿಸಲು ಪೋಷಕರ ಒಪ್ಪಿಗೆ ಬೇಕೆನ್ನುವುದು 28(3)ನೆಯ ವಿಧಿ. ನಮ್ಮಂಥ ಸಂಜೆ ತರಗತಿ ಅಂಥ ಶಾಲೆಯಲ್ಲದಿದ್ದರೂ ಆ ಚೀಟಿಯನ್ನು ನಾವು ಬಿಟ್ಟಿಲ್ಲ.

ತಮ್ಮ ಬೀದಿಯಲ್ಲಿ ಇಂಥ ಆಚರಣೆ ನಡೆಯುವುದಾದರೆ ಪೋಷಕರಿಗೆ ಏನೆಂದು ತಿಳಿಸಿದ್ದಾರೆ, ಉಡುಗೊರೆ ಕೊಡುತ್ತಾರೆಯೇ, ಭಾಷಣ ಮಾಡುವವರು ಯಾರು ಎಂದು ಸಂಘಟಕರನ್ನು ನೇರವಾಗಿ ಕೇಳಿ, ಸಾಧ್ಯವಾದರೆ ಒಂದಿಬ್ಬರು ತಾಯಂದಿರನ್ನೂ ಜೊತೆಗೆ ಕರೆದುಕೊಂಡು ಹೋಗಿ ಕುಳಿತುಕೊಳ್ಳಿ.